ಗೋಧಿಯ ಬೆನ್ನಿಗೆ ಬೀಸಿದ ಜೋಳ

ರೊಟ್ಟಿ ಬಡಿಯುವುದು ನನಗೆ ಕಡೆತನಕ ಒಲಿಯಲಿಲ್ಲ. ಧಾರವಾಡದಲ್ಲೇ ಹುಟ್ಟಿ, ಧಾರವಾಡದ ಮನೆಗೇ ಸೊಸೆಯಾಗಿ ಬಂದವಳು ಇದನ್ನು ಬರೆಯಲು ನಾಚಬೇಕು. ನನ್ನ ರೊಟ್ಟಿ ಅಂಗೈ ಅಗಲ ಆಗುವಷ್ಟರಲ್ಲಿ ಅಂಚು ಸೀಳುತ್ತಿತ್ತು, ಹಂಚಿಗೆ ಹಾಕಲು ಎತ್ತಿದರೆ ನಡುವೆ ಹರಿಯುತ್ತಿತ್ತು. ಅತ್ತೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ತೂತಿನೊಳಗಿಂದ ನನ್ನನ್ನು ನೋಡಿ, "ಕಿಡಕಿ ಛಲೋ ಇಟ್ಟೀಯವಾ, ಗಾಳಿ ಬರತೈತಿ" ಅನ್ನುತ್ತಿದ್ದರು. ಮನೆಯವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು.

ಉಪಾಯ ಹೇಳಿಕೊಟ್ಟವಳು ನನ್ನ ತಾಯಿ. ಗಿರಣಿಗೆ ಹೋದಾಗ ಯಾರದಾದರೂ ಗೋಧಿ ಬೀಸಿ ಮುಗಿಯುವತನಕ ಕಾಯಬೇಕು, ಅದರ ಬೆನ್ನಿಗೇ ನಮ್ಮ ಜೋಳ ಹಾಕಿಸಬೇಕು. ಕಲ್ಲಿನ ಸಂದಿಯಲ್ಲಿ ಉಳಿದ ಗೋಧಿ ಹಿಟ್ಟು ಜೋಳದ ಹಿಟ್ಟಿಗೆ ಕೂಡುತ್ತದೆ, ಹಿಟ್ಟಿಗೆ ಜಿಗಿ ಬರುತ್ತದೆ, ರೊಟ್ಟಿ ಹರಿಯುವುದಿಲ್ಲ. ರೊಟ್ಟಿ ಬಾರದ ಸೊಸೆಯಂದಿರು ಹೀಗೆ ಮಾನ ಉಳಿಸಿಕೊಳ್ಳುವುದುಂಟು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಓಣಿಯ ಗಿರಣಿ ನಡೆಸುವವರು ಒಬ್ಬ ಮುಸಲ್ಮಾನ ಹಿರಿಯರು, ಎಲ್ಲರಿಗೂ ಕಾಕಾ. ನಾನು ಒಂದೆರಡು ಸಲ ಮೆಲ್ಲಗೆ ಹೇಳಿದೆ, "ಕಾಕಾ, ಗೋಧಿ ಬೆನ್ನಿಗೆ ಹಾಕ್ರಿ." ಮೂರನೆಯ ಸಲ ಹೇಳಬೇಕಾಗಲಿಲ್ಲ. ನನ್ನ ಡಬ್ಬಿ ಕಂಡರೆ ಅವರೇ ಪಕ್ಕಕ್ಕೆ ಸರಿಸಿ ಇಟ್ಟು, ಗೋಧಿ ಬರುವತನಕ ಕಾಯುತ್ತಿದ್ದರು. ಅತ್ತೆ ತೂತಿಲ್ಲದ ರೊಟ್ಟಿ ನೋಡಿ, "ಕೈ ಕುಂತಿತು ನೋಡು" ಅಂದರು. ನಾನು ಎರಡು ದಿನ ಹಿಗ್ಗಿಕೊಂಡು ಓಡಾಡಿದೆ.

ಇದೆಲ್ಲ ಮಗಳು ಹುಟ್ಟುವ ಮುಂಚಿನ ಮಾತು.

ಮಗಳಿಗೆ ಐದು ತುಂಬುವ ಹೊತ್ತಿಗೆ ಕೈಕಾಲು ಕಡ್ಡಿಯಾಗಿದ್ದವು, ಹೊಟ್ಟೆ ಮಾತ್ರ ಉಬ್ಬಿಕೊಂಡಿತ್ತು. ತಿಂದದ್ದು ನಿಲ್ಲುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಪೆನ್ಸಿಲಿನಿಂದ ಅವಳ ಎತ್ತರ ಗುರುತು ಹಾಕುತ್ತಿದ್ದೆವು, ಒಂದು ವರ್ಷದ ಗೆರೆ ಇನ್ನೊಂದು ವರ್ಷದ ಗೆರೆಯ ಮೇಲೆಯೇ ಬಂದು ಕೂತಿತು. ಓಣಿಯವರು ಜಂತು ಅಂದರು, ದೃಷ್ಟಿ ಅಂದರು. ಹುಬ್ಬಳ್ಳಿಯ ಡಾಕ್ಟರರು ರಕ್ತ ತೆಗೆಸಿ, ಬಾಯಿಂದ ನಳಿಕೆ ಇಳಿಸಿ ಒಳಗೆ ನೋಡಿ, ಸೀಲಿಯಾಕ್ ಅಂದರು. ಗೋಧಿಯ ಜಿಗಿ ಈ ಕೂಸಿನ ಕರುಳನ್ನು ಸುಡುತ್ತದೆ, ಔಷಧ ಇಲ್ಲ, ಗೋಧಿ ಬಿಡುವುದೊಂದೇ ದಾರಿ, ಅದೂ ಜೀವ ಇರುವತನಕ. "ಒಂದ್ ಚೂರೂ ನಡಿಯಂಗಿಲ್ರಿ. ಗೋಧಿ ಹಿಟ್ಟು ಹತ್ತಿದ ಕೈಲೆ ತಿನಿಸಿದ್ರೂ ತ್ರಾಸ ಆಕ್ಕತಿ" ಎಂದು ಎರಡು ಸಲ ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಗಂಡ, "ಇಷ್ಟ ಹೌದಿಲ್ಲೊ? ನಾವು ಜ್ವಾಳದ ಮಂದಿ, ಗೋಧಿ ಯಾರಿಗೆ ಬೇಕಾಗೇತಿ" ಅಂದರು. ಇಬ್ಬರೂ ನಕ್ಕೆವು. ನಳಿಕೆ ಇಳಿಸಿದ್ದರಿಂದ ಗಂಟಲು ನೋಯುತ್ತಿದ್ದರೂ, ಅಪ್ಪ ಅವ್ವ ನಗುತ್ತಿದ್ದಾರೆಂದು ಮಗಳೂ ನಕ್ಕಳು. ಆ ಮೂವರ ನಗು ಈಗಲೂ ನನ್ನ ಕಿವಿಯಲ್ಲಿದೆ, ಹುಬ್ಬಳ್ಳಿ ದಾರಿಯಲ್ಲಿ ನವನಗರ ದಾಟುವಾಗೆಲ್ಲ ಕೇಳುತ್ತದೆ.

ಜೋಳದ ಮಂದಿಯ ಮನೆಯಲ್ಲಿ ಗೋಧಿ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಲು ಹೋದರೆ ಮುಗಿಯುವುದೇ ಇಲ್ಲ. ಉಪ್ಪಿಟ್ಟಿನ ರವೆ, ಮದುವೆಯ ಗೋಧಿ ಹುಗ್ಗಿ, ಹೋಳಿಗೆಯ ಕಣಕ, ಶ್ಯಾವಿಗೆ, ಬಿಸ್ಕೀಟು, ಕೇಕು. ಒಗ್ಗರಣೆಯ ಇಂಗಿನ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಎಂದು ಓದಿದ ದಿನ ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಮಗಳಿಗೆ ಬೇರೆ ಹಂಚು, ಬೇರೆ ಚಮಚ, ಬೇರೆ ಕಪಾಟು ಮಾಡಿದೆ. ಚಪಾತಿ ಲಟ್ಟಣಿಗೆಯನ್ನು ಅಟ್ಟಕ್ಕೆ ಎಸೆದೆ. ಮಗಳು ಬೇಗ ಕಲಿತಳು. ಯಾರು ಏನು ಕೊಟ್ಟರೂ ಕೈ ಹಿಂದೆ ಕಟ್ಟಿಕೊಂಡು, "ಇದರಾಗ ಗೋಧಿ ಐತೇನ್ರಿ?" ಅನ್ನುತ್ತಿದ್ದಳು. ಗುಡಿಯಲ್ಲಿ ಸಕ್ಕರೆ ಕೊಡಲು ಬಂದ ಸ್ವಾಮಿಗಳಿಗೂ ಕೇಳಿದಳು. ಅವರು ನಕ್ಕು, "ಇಲ್ಲವಾ ತಾಯಿ" ಅಂದ ಮೇಲೂ ನನ್ನ ಮುಖ ನೋಡಿ, ನಾನು ತಲೆಯಾಡಿಸಿದ ಮೇಲೇ ಬಾಯಿಗೆ ಹಾಕಿಕೊಂಡಳು. ನನ್ನ ತಲೆಯಾಡಿಸುವಿಕೆಯ ಮೇಲೆ ಅವಳಿಗೆ ಅಷ್ಟು ಭರವಸೆ ಇತ್ತು.

ರೊಟ್ಟಿ ಮಾತ್ರ ನಿಶ್ಚಿಂತೆ. ಅದು ಜೋಳ. ಅಮರಗೋಳದ ಬಜಾರಿನಿಂದ ಚೀಲ ತರಿಸಿ, ನಾನೇ ಹಸನು ಮಾಡಿ, ನಾನೇ ಗಿರಣಿಗೆ ಒಯ್ದು ಬೀಸಿಸುತ್ತಿದ್ದೆ. ಇಂಗಿನ ಡಬ್ಬಿ ಓದಿದವಳಿಗೆ ಗಿರಣಿಯ ಕಲ್ಲು ನೆನಪಾಗಲಿಲ್ಲ. ಇದನ್ನು ಯಾರೂ ನಂಬಲಿಕ್ಕಿಲ್ಲ. ನಾನೂ ಎಷ್ಟೋ ಸಲ ನಂಬುವುದಿಲ್ಲ. ಏಳು ವರ್ಷ ಪ್ರತಿ ಹದಿನೈದು ದಿನಕ್ಕೊಮ್ಮೆ ಮಾಡಿದ ಕೆಲಸ ಕಣ್ಣಿಗೆ ಕಾಣುವುದು ನಿಂತುಹೋಗಿರುತ್ತದೆ.

ವರ್ಷ ಕಳೆದ ಮೇಲೆ ಮತ್ತೆ ರಕ್ತ ಪರೀಕ್ಷೆ ಆಯಿತು. ಗೋಧಿಯ ತ್ರಾಸ ತೋರಿಸುವ ಅಂಕಿ ಒಂದಿಷ್ಟು ಇಳಿದಿತ್ತು, ಅಷ್ಟು ಸಾಲದು. ಡಾಕ್ಟರರು ಕಾಗದ ನನ್ನ ಕಡೆ ತಿರುಗಿಸಿ, "ಮನ್ಯಾಗ ಯಾರೋ ಗೋಧಿ ತಿನಸಾಕತ್ತಾರ್ರೀ. ದಿನಾ ಹೋಗಾಕತ್ತೇತಿ ಒಳಗ" ಅಂದರು. ಅವರು ಯಾರ ಹೆಸರೂ ಎತ್ತಲಿಲ್ಲ. ಧಾರವಾಡ ಮುಟ್ಟುವುದರೊಳಗೆ ನಾನು ಹೆಸರು ಹಿಡಿದಿದ್ದೆ.

ಅತ್ತೆಗೆ ಚಹಾದ ಜೊತೆ ಬೇಕರಿಯ ಮೈದಾ ಟೋಸ್ಟ್ ಬೇಕು. ಬೆಳಿಗ್ಗೆ ಎರಡು, ಸಂಜೆ ಎರಡು, ಅದ್ದಿ ಅದ್ದಿ ತಿನ್ನುವುದು. ಅವರ ಟೋಸ್ಟಿನ ಡಬ್ಬಿ ಅವರ ಮಂಚದ ಕೆಳಗೆ ಇರುತ್ತಿತ್ತು, ಮಗಳು ಅದೇ ಮಂಚದ ಮೇಲೆ ಅವರ ಮಗ್ಗುಲಿಗೆ ಆಡುತ್ತಿದ್ದಳು. ಮಧ್ಯಾಹ್ನ ಅವಳಿಗೆ ರೊಟ್ಟಿ ಮುರಿದು, ಹಾಲಿನಲ್ಲಿ ಕಿವುಚಿ, ಕಥೆ ಹೇಳುತ್ತ ತಿನ್ನಿಸುವವರೂ ಅವರೇ. ನಾನು ಚಪ್ಪಲಿ ಬಿಟ್ಟವಳೇ ಒಳಗೆ ಹೋಗಿ ಆ ಡಬ್ಬಿ ಎಳೆದು ಅವರ ಮುಂದೆ ಕುಕ್ಕಿದೆ. "ನಿಮ್ಮ ಮಮ್ಮಗಳನ್ನ ನೀವ ಕೊಲ್ಲಾಕತ್ತೀರಿ" ಅಂದೆ.

ಗಂಡ ನನ್ನ ತೋಳು ಹಿಡಿದರು. ಅತ್ತೆ ಡಬ್ಬಿ ನೋಡಿದರು, ತಮ್ಮ ಕೈ ನೋಡಿಕೊಂಡರು. ಬಾಯಿ ಜೋರಿನ ಹೆಂಗಸು, ನನಗೆ ಒಂದಕ್ಕೆ ನಾಲ್ಕು ಮಾತು ತಿರುಗಿ ಬರುತ್ತವೆಂದು ಕಾದಿದ್ದೆ. ಒಂದೂ ಬರಲಿಲ್ಲ. ಆ ಸುಮ್ಮನಿರುವಿಕೆಯನ್ನೇ ನಾನು ತಪ್ಪೊಪ್ಪಿಗೆ ಎಂದು ತಿಳಿದುಕೊಂಡೆ. ಮಗಳನ್ನು ಕರೆದು, ಅವರ ಎದುರೇ, "ಅಜ್ಜಿ ಕೊಟ್ಟಿದ್ದು ಏನೂ ತಿನ್ನಬ್ಯಾಡ" ಎಂದು ಹೇಳಿದೆ. ಮರುದಿನ ಮಧ್ಯಾಹ್ನ ಅತ್ತೆ ಅಭ್ಯಾಸದಂತೆ ಬಟ್ಟಲು ತೆಗೆದುಕೊಂಡಾಗ ಮಗಳು ಕೈ ಹಿಂದೆ ಕಟ್ಟಿಕೊಂಡು ನಿಂತಳು. ಅತ್ತೆ ಬಟ್ಟಲು ಕೆಳಗಿಟ್ಟರು. ವಾರದೊಳಗೆ ಹೆಬ್ಬಳ್ಳಿಗೆ, ತಮ್ಮ ಮಗಳ ಮನೆಗೆ ಹೊರಟುಹೋದರು. "ಅಲ್ಲಿ ಹತ್ತಿ ಬಿಡಸೂದು ಐತಿ, ಕೈಗೆ ಕೆಲಸ ಆಕ್ಕತಿ" ಎಂದು ಮಗನಿಗೆ ಹೇಳಿದರಂತೆ.

ಅವರು ಹೋದ ಮೂರು ತಿಂಗಳಿಗೆ, ಶಾಲೆಗೆ ಸೂಟಿ ಇದ್ದ ಒಂದು ದಿನ, ಮಗಳನ್ನು ಕರೆದುಕೊಂಡು ಗಿರಣಿಗೆ ಹೋಗಿದ್ದೆ. ಸರದಿಯಲ್ಲಿ ನನ್ನದೇ ಮುಂದಿತ್ತು. ಕಾಕಾ ಹಿಟ್ಟು ಹತ್ತಿದ ಹುಬ್ಬು ಎತ್ತಿ, ನನ್ನ ಹಿಂದೆ ನಿಂತವಳಿಗೆ, "ಮೊದ್ಲ ನಿಂದು ಹಾಕವಾ, ನಿಂದು ಗೋಧಿ. ಈ ಅಕ್ಕಾರ ಜ್ವಾಳ ಯಾವತ್ತೂ ಗೋಧಿ ಬೆನ್ನಿಗೇ ಹಾಕೂದು" ಅಂದರು. ಪ್ರೀತಿಯಿಂದಲೇ ಅಂದರು, ಇಷ್ಟು ವರ್ಷ ನೆನಪಿಟ್ಟುಕೊಂಡೆ ಎನ್ನುವ ಹೆಮ್ಮೆಯಿಂದ. ಗಿರಣಿಯ ಪಟ್ಟೆ ಸದ್ದು ಮಾಡುತ್ತ ತಿರುಗತೊಡಗಿತು, ಗೋಧಿ ಹಿಟ್ಟು ಬಿಸಿಬಿಸಿಯಾಗಿ ಚೀಲಕ್ಕೆ ಸುರಿಯತೊಡಗಿತು. ಮಗಳು ನನ್ನ ಸೆರಗು ಜಗ್ಗಿದಳು. "ಅವ್ವಾ, ನಂದರಾಗ ಗೋಧಿ ಐತೇನು?"

ಡಬ್ಬಿ ಎತ್ತಿಕೊಂಡು, ಅವಳ ಕೈ ಹಿಡಿದು, ಬೀಸಿಸದೆ ಮನೆಗೆ ಬಂದೆ. ಮನೆಯಲ್ಲಿದ್ದ ಹಿಟ್ಟನ್ನೆಲ್ಲ ಅವಳ ಕಣ್ಣೆದುರೇ ಮೋರಿಗೆ ಸುರಿದೆ. "ನಂಗ ಹೊಟ್ಟಿ ನೋವು ಇದರಿಂದ ಆಗಿತ್ತೇನು?" ಎಂದು ಕೇಳಿದಳು. ಹೌದು ಅಂದೆ. "ಹಂಗಾರ ಅಜ್ಜಿ ಅಲ್ಲ?" ಅಂದಳು. ಅಲ್ಲ ಅಂದೆ. ಆರು ವರ್ಷದ ಕೂಸಿಗೆ ಇದಕ್ಕಿಂತ ಹೆಚ್ಚು ಹೇಳುವ ಧೈರ್ಯ ಇರಲಿಲ್ಲ. ಗಂಡನಿಗೆ ಇಷ್ಟೂ ಹೇಳಲಿಲ್ಲ. ಅವರು ಲಕಮನಹಳ್ಳಿಯ ಕಾರ್ಖಾನೆಯಿಂದ ಬಂದಾಗ, "ಮನ್ಯಾಗ ಬೀಸಿದ್ರ ಛಲೋ ಅಂತ, ಸಣ್ಣ ಮಿಷಿನ್ ತಗೊಳ್ಳೂಣು" ಅಂದೆ, ಅಷ್ಟೇ.

ಆ ಸಂಜೆಯೇ ಹೆಬ್ಬಳ್ಳಿಯ ಬಸ್ಸು ಹಿಡಿಯಬಹುದಿತ್ತು. ಎಷ್ಟು ದೂರ? ಫೋನಾದರೂ ಮಾಡಬಹುದಿತ್ತು. ಮುಂದಿನ ರಕ್ತ ಪರೀಕ್ಷೆ ಬರಲಿ, ಖಾತ್ರಿ ಮಾಡಿಕೊಂಡು ಹೇಳಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಮಗಳ ಹೊಟ್ಟೆ ಮೂರು ವಾರದಲ್ಲೇ ಇಳಿದಿತ್ತು, ಖಾತ್ರಿ ಅವಳ ಮೈಮೇಲೆಯೇ ಕಾಣುತ್ತಿತ್ತು. ತೂತಿಲ್ಲದ ರೊಟ್ಟಿಯ ಗುಟ್ಟು ಅತ್ತೆಯ ಮುಂದೆ ಬಿಚ್ಚಬೇಕಲ್ಲ, ಆ ನಾಚಿಕೆ ನನ್ನನ್ನು ಹಿಡಿದು ಕೂರಿಸಿತು. ಒಂದು ಮುದುಕಿ ಅಲ್ಲಿ ಏನನ್ನು ಎದೆಯಲ್ಲಿಟ್ಟುಕೊಂಡು ಹತ್ತಿ ಬಿಡಿಸುತ್ತಿದ್ದಾಳೆ ಎಂಬುದು ಗೊತ್ತಿದ್ದೂ ಆರು ತಿಂಗಳು ಕೂತೆ. ಈ ಆರು ತಿಂಗಳಿಗೆ ನನ್ನ ಹತ್ತಿರ ಯಾವ ಸಮಜಾಯಿಷಿಯೂ ಇಲ್ಲ.

ಪರೀಕ್ಷೆಯ ಕಾಗದ ಬಂತು. ಎಲ್ಲ ಸರಿಯಾಗಿತ್ತು. ಮರುದಿನ ಮೂವರೂ ಹೆಬ್ಬಳ್ಳಿಗೆ ಹೋದೆವು. ಅತ್ತೆ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು, ಅರ್ಧ ಮೈ ಆಗಿದ್ದರು. ಗಂಡ ಹೊರಗೆ ಕಟ್ಟೆಯ ಮೇಲೆ ಕೂತರು. ನಾನು ಅತ್ತೆಯ ಕಾಲ ಹತ್ತಿರ ಕೂತು ಎಲ್ಲ ಹೇಳಿದೆ. ಗಿರಣಿ, ಗೋಧಿ, ಕಾಕಾಗೆ ನಾನೇ ಹೇಳಿಟ್ಟದ್ದು, ಯಾಕೆ ಹೇಳಿಟ್ಟದ್ದು ಎಂಬುದೂ.

ಅವರು, "ಅಂದ್ರ ನಾ ಅಲ್ಲ?" ಅಂದರು.

"ನೀವಲ್ರೀ."

"ಟೋಸ್ಟ್ ತಿಂದ ಕೈ ತೊಳಕೊಂಡಿದ್ನೋ ಇಲ್ಲೋ ಅಂತ ಕುಂತಲ್ಲಿ ನಿಂತಲ್ಲಿ ನೆನಸತಿದ್ದೆ. ನೆನಪ ಆಗತಿದ್ದಿಲ್ಲ. ನಾನ ಮಾಡೀನಿ ಅಂತ ತಿಳಕೊಂಡಿದ್ದೆ" ಅಂದರು. ಆ ದಿನ ಅವರು ತಿರುಗಿ ಮಾತಾಡದೆ ಇದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು. ಆಮೇಲೆ ಅವರು ನನ್ನ ಗಲ್ಲ ಹಿಡಿದು ಮುಖ ಎತ್ತಿ, "ಎಂದ ಗೊತ್ತಾತವಾ ನಿನಗ?" ಎಂದು ಕೇಳಿದರು.

ಅದರಲ್ಲಿ ಏನೂ ಕೊಂಕು ಇರಲಿಲ್ಲ. ಸುಮ್ಮನೆ ಕೇಳಿದರು.

"ನಿನ್ನೆ" ಅಂದೆ.

ಮಗಳು ಅವರ ತೊಡೆಗೆ ಒರಗಿ ಕೂತಿದ್ದಳು. ಥಟ್ಟನೆ ತಲೆ ಎತ್ತಿ ನನ್ನನ್ನು ನೋಡಿದಳು. ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ನಾನು ತಲೆಯಾಡಿಸಿದೆನೋ ಇಲ್ಲವೋ ನನಗೆ ನೆನಪಿಲ್ಲ.

ಅತ್ತೆ ನಮ್ಮ ಜೊತೆಯೇ ವಾಪಸು ಬಂದರು. ನಾಲ್ಕು ವರ್ಷ ಇದ್ದರು. ಗಿರಣಿಯ ಕಥೆಯನ್ನು, ನನ್ನ ರೊಟ್ಟಿಯ ಗುಟ್ಟನ್ನು ಓಣಿಯಲ್ಲಿ ಒಬ್ಬರ ಮುಂದೂ ಆಡಲಿಲ್ಲ. ಆಡಿದ್ದು ಒಂದೇ ಮಾತು. ಬಂದವರ ಮುಂದೆ, ಹೋದವರ ಮುಂದೆ, ನನ್ನನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡು, "ತಪ್ಪು ಎಲ್ಲಾರೂ ಮಾಡತಾರ. ನನ್ನ ಸೊಸಿ ಗೊತ್ತಾದ ಮರುದಿನಾನ ಓಡಿ ಬಂದು ನನ್ನ ಕಾಲ ಹಿಡದಳು. ಯಾರ ಸೊಸಿ ಬರತಾಳ ಹೇಳ್ರಿ?" ಅನ್ನುತ್ತಿದ್ದರು. ಪ್ರತಿ ಸಲ ನಾನು ತಲೆ ತಗ್ಗಿಸಿ ಕೂತಿರುತ್ತಿದ್ದೆ. ಜನ ಅದನ್ನು ವಿನಯ ಅಂದರು. ಹೇಳಿಬಿಡಬೇಕೆಂದು ಎಷ್ಟೋ ಮಧ್ಯಾಹ್ನ ಅವರ ಮಂಚದ ಹತ್ತಿರ ಹೋಗಿ ನಿಂತಿದ್ದೇನೆ. ಅವರು ಮಗ್ಗುಲು ಬದಲಿಸಿ, "ಏನವಾ?" ಅನ್ನುತ್ತಿದ್ದರು. "ಚಹಾ ಮಾಡ್ಲೇನ್ರಿ?" ಅನ್ನುತ್ತಿದ್ದೆ.

ಹೋದ ವರ್ಷ ಅವರು ತೀರಿಕೊಂಡರು. ಮಾತಾಡಿಸಲು ಬಂದ ಹೆಂಗಸರಲ್ಲಿ ಒಬ್ಬಳು ನನ್ನ ಕೈ ಹಿಡಿದು, "ಮುದುಕಿ ಎಷ್ಟ ಹೊಗಳತಿತ್ತವಾ ನಿನ್ನ. ಗೊತ್ತಾದ ಮರುದಿನಾನ ಓಡಿ ಬಂದಳು ಅಂತಿತ್ತು. ಪುಣ್ಯಾ ಮಾಡೀದಿ" ಎಂದು ಅತ್ತಳು. ಮಗಳು ಆಗ ಬಂದವರಿಗೆ ನೀರು ಕೊಡಲು ಚರಿಗೆ ಹಿಡಿದು ನಿಂತಿದ್ದಳು. ಈಗ ನನ್ನ ಭುಜಕ್ಕೆ ಬರುತ್ತಾಳೆ, ಮೈ ತುಂಬಿಕೊಂಡಿದ್ದಾಳೆ, ಹನ್ನೆರಡು ವರ್ಷ. ಅವಳು ನನ್ನ ಕಡೆ ನೋಡಲಿಲ್ಲ. ಆ ಹೆಂಗಸಿಗೆ ನೀರು ಕೊಟ್ಟು, ಮೆಲ್ಲಗೆ, "ಹೌದ್ರಿ, ಅಜ್ಜಿ ಹಂಗ ಅಂತಿದ್ಲು" ಎಂದು ಹೇಳಿ ಒಳಗೆ ಹೋದಳು.