ಕೊಡೆಗೆ ನಿಂತ ಬಸ್ಸು

ನಮ್ಮ ಲೆಕ್ಕದ ಮಾಸ್ಟ್ರ ಬಲಗಾಲಿನ ಹೆಬ್ಬೆರಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಚಪ್ಪಲಿಯಿಂದ ಅರ್ಧ ಇಂಚು ಮುಂದೆ ಬಂದು ನೆಲ ಕುಟ್ಟುತ್ತಿತ್ತು. ಅವರು ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡದ್ದೇ ಇಲ್ಲ. ಕಾಯುವುದೆಂದರೆ ಅವರಿಗೆ ಹೊಟ್ಟೆನೋವಿನಷ್ಟು ಕಷ್ಟ.

ಐವತ್ತರ ದಶಕದಲ್ಲಿ ವೇಣೂರಿನಿಂದ ಮೂಡಬಿದ್ರೆಗೆ ಬೆಳಿಗ್ಗೆ ಇದ್ದದ್ದು ಒಂದೇ ಬಸ್ಸು. ದಾರಿಯ ಧಣಿಗಳು ತಾವು ಬರುವ ಮೊದಲು ಕೊಡೆ ಕಳಿಸುತ್ತಿದ್ದರು. ಆಳು ಅದನ್ನು ಮೈಲಿಗಲ್ಲಿಗೆ ಒರಗಿಸಿ ಹೋದರೆ ಮುಗಿಯಿತು, ಧಣಿಗಳ ಸ್ನಾನ, ಪೂಜೆ, ತಿಂಡಿ ಆಗುವವರೆಗೆ ಬಸ್ಸು ಅಲ್ಲೇ. ನಮಗೆ ಇದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ.

ಒಮ್ಮೆ ಮಾಸ್ಟ್ರು, "ಬಸ್ಸು ಗಂಟೆಗೆ ಹದಿನೈದು ಮೈಲಿ ಹೋಗ್ತದೆ. ಎರಡು ಗಂಟೆಯಲ್ಲಿ ಎಷ್ಟು ದೂರ?" ಎಂದು ಕೇಳಿದರು.

ನಾನು ಎದ್ದು, "ಇಪ್ಪತ್ತೈದು ಮೈಲಿ ಸಾರ್" ಎಂದೆ.

"ಅದು ಹೇಗೆ?"

"ಕೊಡೆಗೆ ಇಪ್ಪತ್ತು ನಿಮಿಷ ನಿಲ್ಲುತ್ತದಲ್ಲ ಸಾರ್."

ಅವರು ಚಾಕ್‌ಪೀಸು ಕೆಳಗಿಟ್ಟರು. "ಲೆಕ್ಕದ ಬಸ್ಸು ಯಾರ ಕೊಡೆಗೂ ನಿಲ್ಲುವುದಿಲ್ಲ ಮಾರಾಯ್ತಿ!"

ಎಂಟನೆಯ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಮೂಡಬಿದ್ರೆಯಲ್ಲಿತ್ತು. ಅಪ್ಪ ಖಡಾಖಂಡಿತವಾಗಿ ಹೇಳಿದ್ದರು: "ಪಾಸಾದರೆ ಟೀಚರ್ ಟ್ರೈನಿಂಗಿಗೆ ಹೋಗು. ಇಲ್ಲದಿದ್ದರೆ ಕೊಕ್ಕಡದ ಸಂಬಂಧಕ್ಕೆ ಹೂಂ ಹೇಳ್ತೇನೆ." ನನಗೆ ಹದಿನಾಲ್ಕು. ಕೊಕ್ಕಡದ ಆ ವರನಿಗೆ ಮೀಸೆಯಲ್ಲಿ ಬಿಳಿ ಕೂದಲಿತ್ತು.

ಲೆಕ್ಕದ ಪರೀಕ್ಷೆಯ ದಿನ ನಮ್ಮನ್ನು ಮೂವರು ಹುಡುಗಿಯರನ್ನೂ ಮಾಸ್ಟ್ರೇ ಕರೆದುಕೊಂಡು ಹೊರಟರು. ಮೂಡಬಿದ್ರೆಗೆ ಮೂರು ಮೈಲಿ ಬಾಕಿ ಇರುವಾಗ ಬಸ್ಸು ನಿಂತಿತು. ಕಿಟಕಿಯಿಂದ ಇಣುಕಿದರೆ ಮೈಲಿಗಲ್ಲಿಗೆ ಕಪ್ಪು ಕೊಡೆ!

"ಪರೀಕ್ಷೆ ಉಂಟು, ಬಿಡು ಮಾರಾಯ" ಎಂದು ಮಾಸ್ಟ್ರು ಡ್ರೈವರನಿಗೆ ಹೇಳಿದರು.

"ಧಣಿಗಳು ಸ್ನಾನಕ್ಕೆ ಹೋಗಿದ್ದಾರಂತೆ ಮಾಸ್ಟ್ರೇ. ನನ್ನ ಕೆಲಸ ಉಳಿಯಬೇಕಲ್ಲ?"

ಮಾಸ್ಟ್ರು ಗಡಿಯಾರ ನೋಡಿದರು. ಒಂಬತ್ತೂ ಕಾಲು. ಹತ್ತಕ್ಕೆ ಪರೀಕ್ಷೆ. "ಇಳಿಯಿರಿ. ನಿಂತ ಬಸ್ಸಿನ ವೇಗ ಸೊನ್ನೆ. ಸೊನ್ನೆಯನ್ನು ಎಷ್ಟು ಗಂಟೆಯಿಂದ ಗುಣಿಸಿದರೂ ಸೊನ್ನೆ. ಗಂಟೆಗೆ ನಾಲ್ಕು ಮೈಲಿ ನಡೆದರೆ ಮುಕ್ಕಾಲು ಗಂಟೆ. ನಡೆಯುವ."

ನಡೆದದ್ದಲ್ಲ, ಓಡಿದ್ದೇ ಹೆಚ್ಚು. ಲಂಗ ಎತ್ತಿ ಹಿಡಿದು, ಏದುಸಿರು ಬಿಡುತ್ತಾ, ಪ್ರತಿ ಮೈಲಿಗಲ್ಲಿಗೂ ಅವರು ನಿಮಿಷ ಕೂಗುವುದನ್ನು ಕೇಳುತ್ತಾ. ಶಾಲೆಯ ಗೇಟು ತಲುಪುವಾಗ ಹತ್ತಕ್ಕೆ ಮೂರು ನಿಮಿಷವಿತ್ತು. ಆ ಬಸ್ಸು ಯಾವಾಗ ಬಂತೋ ಗೊತ್ತಿಲ್ಲ, ನಾನು ಒಳಗೆ ಲೆಕ್ಕ ಮಾಡುತ್ತಿದ್ದೆ.

ಪಾಸಾದೆ, ಟೀಚರೂ ಆದೆ. ವರ್ಷಗಳ ಮೇಲೆ, ಗುರುವಾಯನಕೆರೆಯ ಮನೆಯಲ್ಲಿ ಮಾಸ್ಟ್ರಿಗೆ ಕಾಯಿಲೆ ಜೋರುಂಟೆಂದು ಸುದ್ದಿ ಬಂತು. ಸಿಕ್ಕಿದ ಬಸ್ಸು ಹತ್ತಿದೆ. ಅಷ್ಟರಲ್ಲಿ ಕೊಡೆಗಳ ಕಾಲ ಹೋಗಿತ್ತು, ಈಗ ಬಸ್ಸಿನವರು ಮದುವೆ ದಿಬ್ಬಣಕ್ಕೆ ಕಾಯುತ್ತಿದ್ದರು. ಮಾಸ್ಟ್ರ ಮನೆಗೆ ಎರಡು ಮೈಲಿ ಇರುವಾಗ ಬಸ್ಸು ನಿಂತಿತು. ಐದು ನಿಮಿಷವೂ ಕೂರಲಾಗಲಿಲ್ಲ, ಇಳಿದೆ.

ಮಾಸ್ಟ್ರು ಕಣ್ಣು ತೆರೆದು ನನ್ನ ಬೆವರು ನೋಡಿದರು. "ಬಸ್ಸು ನಿಂತಿತಾ?"

"ಹೌದು ಸಾರ್. ಎರಡು ಮೈಲಿ ನಡೆದೆ."

"ಎಷ್ಟು ನಿಮಿಷ?"

"ನಲವತ್ತು."

"ಮೂವತ್ತು ಸಾಕಿತ್ತು" ಎಂದು ನಕ್ಕರು. ಹೊದಿಕೆಯ ಕೆಳಗೆ ಹೆಬ್ಬೆರಳು ಆಡುತ್ತಲೇ ಇತ್ತು. ನಾನು ಅವರ ಪಾದದ ಹತ್ತಿರ ಕೂತೆ.

ಆ ಬಸ್ಸು ದಿಬ್ಬಣ ತುಂಬಿಕೊಂಡು, ಹಾರ್ನ್ ಹಾಕುತ್ತಾ ಮನೆಯ ಮುಂದೆ ಹಾದುಹೋದದ್ದು ಒಂದು ಗಂಟೆ ಕಳೆದ ಮೇಲೆ. ಅಷ್ಟು ಹೊತ್ತಿಗೆ ಹೆಬ್ಬೆರಳು ನಿಂತಿತ್ತು.