ಕ್ಲಿನಿಕ್ಕಿನ ಕೆಳಗಿನ ಹಿಮ

ಲಾಕ್‌ಡೌನಿನಲ್ಲಿ ಮಲೇಷ್ಯಾದ ಸುಬಾಂಗ್ ಜಯಾದ ನಮ್ಮ ಫ್ಲ್ಯಾಟಿನ ಊಟದ ಮೇಜೇ ನನ್ನ ಆಫೀಸು. ಫ್ಯಾನಿನಡಿ ಬೆವರು ಒರೆಸಿಕೊಳ್ಳುತ್ತ ನಾನು ನೋಡುತ್ತಿದ್ದದ್ದು ಕಂಪನಿ ನನಗೆ ವಹಿಸಿದ್ದ, ಉತ್ತರ ಧ್ರುವದ ಹತ್ತಿರದ ಒಂದು ಹಳ್ಳಿಯ ಕ್ಲಿನಿಕ್ಕಿನ ಅಡಿಪಾಯ. ನಗಬೇಡಿ ಮಾರಾಯ್ರೆ. ಇಪ್ಪತ್ತು ವರ್ಷ ಈ ದೇಶದ ಕೆಸರಲ್ಲಿ ಕಂಬ ನಿಲ್ಲಿಸಿದವಳು ನಾನು. ನೆಲ ಎಲ್ಲಿದ್ದರೂ ನೆಲವೇ ಅಂತ ನನ್ನ ಧೈರ್ಯ.

ಅಲ್ಲಿ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿ ಕಲ್ಲಾಗಿರುತ್ತಿತ್ತಂತೆ. ಅದರಲ್ಲಿ ಕಂಬ ಹೂತು, ನೆಲದಿಂದ ಮೊಣಕಾಲೆತ್ತರ ಮೇಲಕ್ಕೆ ಕಟ್ಟಡ ನಿಲ್ಲಿಸಿದ್ದರು. ಈಗ ಬೇಸಿಗೆಯ ಬಿಸಿಲೇರಿ ಮಣ್ಣು ಕರಗುತ್ತಿತ್ತು, ಒಂದು ಮೂಲೆ ಕುಸಿಯುತ್ತಿತ್ತು. ಇನ್ನಷ್ಟು ವಾಲಿದರೆ ನೀರಿನ ಪೈಪ್ ಒಡೆದು ಕ್ಲಿನಿಕ್ಕಿಗೆ ಬೀಗ. ಕೊರೋನಾದಿಂದ ವಿಮಾನವೂ ನಿಂತಿತ್ತು. ಇಡೀ ಊರಿಗೆ ಅದೊಂದೇ ಆಸ್ಪತ್ರೆ.

ಕಟ್ಟಡ ನೋಡಿಕೊಳ್ಳುವ ವಯಸ್ಸಾದವರೊಬ್ಬರು ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡಿ ನೆಲದ ಮೇಲೆ ಗೋಲಿ ಇಡುತ್ತಿದ್ದರು. ಜ್ಯಾಕ್ ಕೊಟ್ಟು ಎತ್ತಿ ಸಮ ಮಾಡಿದರೂ ಮುಂದಿನ ವಾರ ಗೋಲಿ ಅದೇ ಮೂಲೆಗೆ ಉರುಳುತ್ತಿತ್ತು.

ಚಳಿಗಾಲ ಶುರುವಾದಾಗ ನಾನು ಅಪ್ಪಣೆ ಕೊಟ್ಟೆ: "ಕಂಬಗಳ ಸುತ್ತ ಹಿಮ ರಾಶಿ ಹಾಕಿ. ಮಣ್ಣು ತಣ್ಣಗಿರ್ತದೆ." ಅವರು ಕಿಟಕಿಯಾಚೆಯ ಹಿಮವನ್ನೊಮ್ಮೆ ನೋಡಿ "ಸರಿ" ಅಂದರು. ಚಳಿ ಏರಿತು. ಮಣ್ಣು ಮಾತ್ರ ಗಟ್ಟಿಯಾಗಲಿಲ್ಲ. ಗೋಲಿ ಉರುಳುತ್ತಲೇ ಇತ್ತು, ನನಗೆ ಸಿಟ್ಟು ಬರುತ್ತಲೇ ಇತ್ತು.

ಒಂದು ಮಧ್ಯಾಹ್ನ ನಮ್ಮಲ್ಲಿ ಕರೆಂಟ್ ಹೋಯಿತು. ತಿಂಗಳ ಮಟ್ಟಿಗೆ ಅಂತ ಉಡುಪಿಯಿಂದ ಬಂದು ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದಿದ್ದ ನನ್ನ ಅತ್ತೆ, ಫ್ರಿಜ್ಜಿನ ಬಂಗುಡೆ ಮೀನನ್ನು ಐಸಿನ ಸಮೇತ ಹಳೇ ಕಂಬಳಿಯಲ್ಲಿ ಸುತ್ತತೊಡಗಿದರು.

"ಅಯ್ಯೋ ಅತ್ತೆ, ಕಂಬಳಿಯಾ! ಬಿಸಿಯಾಗುದಿಲ್ವಾ?"

"ಎಂತ ಇಂಜಿನಿಯರ್ ಮಾರಾಯ್ತಿ ನೀನು! ಕಂಬಳಿಯೊಳಗೆ ಬೆಂಕಿ ಉಂಟಾ? ಹೊರಗಿನದ್ದು ಒಳಗೆ ಬಿಡುದಿಲ್ಲ, ಅಷ್ಟೆ."

ಹಿಮವೂ ಕಂಬಳಿಯೇ ಅಲ್ವಾ! ಹೊರಗಿನ ಕಡುಚಳಿ ಮಣ್ಣಿಗೆ ತಾಗಿ ಅದನ್ನು ಗಟ್ಟಿ ಮಾಡಬೇಕಿತ್ತು. ತಾಗದ ಹಾಗೆ ಹೊದಿಸಿಟ್ಟವಳು ನಾನೇ. ಹಿಮವನ್ನು ಕೈಯಲ್ಲಿ ಮುಟ್ಟಿ ನೋಡದವಳ ಬುದ್ಧಿ ಇನ್ನೆಷ್ಟಿದ್ದೀತು! ನಾಚಿಕೆಯಿಂದ ಸತ್ತೇ ಹೋದೆ.

ಮರುದಿನ ಬೆಳಿಗ್ಗೆಯೇ ಕಾಲ್ ಮಾಡಿದೆ. "ತಪ್ಪು ನಂದು. ಹಿಮ ಪೂರ್ತಿ ತೆಗೆಸಿ, ಕೆಳಗೆ ಗಾಳಿ ಆಡಲಿ." ಅವರು ಸಲಿಕೆ ಎತ್ತಿಕೊಂಡು ಹೊರಗೆ ಹೋದರು. ಊರವರೂ ಸೇರಿಕೊಂಡರು.

ಒಂದು ತಿಂಗಳಲ್ಲಿ ಮಣ್ಣು ಗಟ್ಟಿಯಾಯಿತು. ಕಟ್ಟಡವನ್ನು ಮತ್ತೊಮ್ಮೆ ಎತ್ತಿ ಸಮ ಮಾಡಿದರು. ಆಮೇಲಿನ ವಾರ ಗೋಲಿ ಇಟ್ಟಲ್ಲೇ ನಿಂತಿತು, ಅದರ ಮುಂದಿನ ವಾರವೂ. ನನ್ನ ಧೈರ್ಯ ವಾಪಸ್ ಬಂತು. ಧೈರ್ಯ ಬಂದ ಕೂಡಲೇ ನಾಲಿಗೆಯೂ ಬಂತು.

"ಹಿಮದಲ್ಲೇ ಹುಟ್ಟಿ ಬೆಳೆದವರು ನೀವು. ಅದು ಕಂಬಳಿ ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು, ಅಜ್ಜ ಹೇಳಿಕೊಟ್ಟಿದ್ದರು," ಅಂದರು ಅವರು. "ಆದರೆ ಅಜ್ಜ ಹೇಳಿದ ಹಾಗೆ ಈಗ ಯಾವುದು ನಡೀತಿದೆ? ನದಿ ಹೆಪ್ಪುಗಟ್ಟುವ ತಿಂಗಳು ತಪ್ಪಿತು, ನೆಲ ಕರಗಿತು. ಹಿಮವೂ ಬದಲಾಗಿರಬಹುದು ಅಂದುಕೊಂಡೆ."