ಆ ಭಾನುವಾರದ ಕಾರ್ಬನ್ ಪ್ರತಿ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಸ್ಟೀಲ್ ಪಾತ್ರೆ ಅಂಗಡಿಯ ಮಹಡಿಯ ಮೇಲೆ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಇಂಗ್ಲಿಷಿನವು ಆರು ಮೆಷಿನ್ನು, ಕನ್ನಡದವು ಎರಡು. ವಾರದಲ್ಲಿ ಆರು ದಿನ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿದವರ ಖಟಖಟ. ಭಾನುವಾರ ಮಧ್ಯಾಹ್ನ ಮಾತ್ರ ನಾನು ಅದೇ ಮೆಷಿನ್ನಿನ ಮುಂದೆ ಕೂತು ಪರದೇಶದ ಅಧ್ಯಕ್ಷರಿಗೂ ಸೇನಾಧಿಪತಿಗಳಿಗೂ ಕಾಗದ ಬರೆಯುತ್ತಿದ್ದೆ. ನಿಮ್ಮ ಜೈಲಿನಲ್ಲಿ ಇಂಥವರಿದ್ದಾರೆ, ಅವರನ್ನು ಹೊಡೆಯಬೇಡಿ, ಬಿಟ್ಟುಬಿಡಿ ಎಂದು. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ಆಗಿನವರೂ ನಗುತ್ತಿದ್ದರು. ಹೊಸಮನೆಯಲ್ಲಿ ನನ್ನ ಜೊತೆಗಿದ್ದ ಅಮ್ಮನಂತೂ ಭಾನುವಾರ ಬಂತೆಂದರೆ ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಶುರುಮಾಡುತ್ತಿದ್ದಳು. ಜನರನ್ನು ಜೈಲಿಗೆ ಹಾಕಿದ ಪಾಪಿಗೆ ಮಾನ್ಯರೇ ಎಂದು ಬರೆಯುವವಳಿಗೆ ಮನೆಗೆ ಬಂದ ನೆಂಟರನ್ನು ಒಂದು ಮಾತು ಕೂತ್ಕೊಳ್ಳಿ ಅನ್ನಲು ಆಗುವುದಿಲ್ಲ ಎಂಬುದು ಅವಳ ದೂರು. ಅದು ಸುಳ್ಳೇನೂ ಆಗಿರಲಿಲ್ಲ.

ನಮ್ಮನ್ನು ಕೂಡಿಸಿದವರು ಇತಿಹಾಸ ಪಾಠ ಮಾಡಿ ನಿವೃತ್ತರಾಗಿದ್ದ ಒಬ್ಬ ಮೇಷ್ಟ್ರು. ಮಾನವ ಹಕ್ಕುಗಳ ಘೋಷಣೆ, ಒಪ್ಪಂದಗಳೆಲ್ಲ ಇದ್ದ ಒಂದು ಪುಸ್ತಕಕ್ಕೆ ಶಾಲೆ ಮಕ್ಕಳ ಹಾಗೆ ಕಂದು ಕಾಗದದ ರಟ್ಟು ಹಾಕಿಕೊಂಡು ಕೈಚೀಲದಲ್ಲಿ ತರುತ್ತಿದ್ದರು. ಮೊದಲು ಅದರಿಂದ ಒಂದು ಕಲಮು ಓದಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಯಾರನ್ನೂ ಹಿಂಸಿಸಕೂಡದು, ಯುದ್ಧ ಬಂತು, ಗಲಾಟೆ ಆಯಿತು, ಮೇಲಿನವರು ಹೇಳಿದರು ಎಂಬ ಯಾವ ನೆಪವೂ ಇದಕ್ಕೆ ಸಲ್ಲದು. ನಾವು ಹನ್ನೆರಡು ಜನ ಇದ್ದೆವು. ಬ್ಯಾಂಕಿನವರು, ಕಾಲೇಜಿನವರು, ಸವಳಂಗ ರಸ್ತೆಯ ಒಬ್ಬ ಔಷಧಿ ಅಂಗಡಿಯವರು. ಒಬ್ಬೊಬ್ಬರಿಗೂ ಒಂದೊಂದು ಕಾಗದ ನಾನೇ ಟೈಪ್ ಮಾಡುತ್ತಿದ್ದೆ, ಅವರು ಸಹಿ ಹಾಕುತ್ತಿದ್ದರು.

ಗುಂಪಿಗೆ ಮೂರು ನಿಯಮ. ಎಂಥ ಕಟುಕನಿಗೆ ಬರೆದರೂ ಮರ್ಯಾದೆ ಬಿಡಬಾರದು. ಪ್ರತಿ ಕಾಗದಕ್ಕೂ ಕಾರ್ಬನ್ ಪ್ರತಿ ತೆಗೆದು, ತಾರೀಖು ಹಾಕಿ, ಹಸಿರು ಫೈಲಿನಲ್ಲಿ ಇಡಬೇಕು. ಮತ್ತೆ, ನಮ್ಮ ದೇಶದ ಪ್ರಕರಣಗಳ ಬಗ್ಗೆ ನಾವು ಬರೆಯಬಾರದು. ಅದನ್ನು ಬೇರೆ ದೇಶದಲ್ಲಿ ನಮ್ಮಂತೆಯೇ ಕೂತ ಗುಂಪಿನವರು ಬರೆಯುತ್ತಾರೆ. ಪಕ್ಷಪಾತ ಬರಬಾರದು, ಬರೆದವರಿಗೆ ತೊಂದರೆಯೂ ಆಗಬಾರದು ಎಂದು ಮಾಡಿದ ನಿಯಮ ಅದು. ಮೂರನ್ನೂ ನಾನು ಮಡಿ ಹೆಂಗಸಿನ ಹಾಗೆ ಪಾಲಿಸುತ್ತಿದ್ದೆ.

ಚಿತ್ರಹಿಂಸೆಯ ವಿರುದ್ಧದ ಒಪ್ಪಂದಕ್ಕೆ ನಮ್ಮ ದೇಶವೂ ಸಹಿ ಹಾಕಿತು ಎಂದು ಪೇಪರಿನಲ್ಲಿ ಬಂದ ವಾರ ಮೇಷ್ಟ್ರು ಜಿಲೇಬಿ ತಂದಿದ್ದರು. ಇನ್ನು ಮುಂದೆ ನಮ್ಮ ಠಾಣೆಗಳಲ್ಲೂ ಹೊಡೆಯುವ ಹಾಗಿಲ್ಲವಾ ಎಂದು ಯಾರೋ ಕೇಳಿದರು. ಮೇಷ್ಟ್ರು ಬೆರಳು ಒರೆಸಿಕೊಳ್ಳುತ್ತಾ, ಸಹಿಯೇ ಬೇರೆ, ಅನುಮೋದನೆಯೇ ಬೇರೆ ಎಂದು ವಿವರಿಸಿದರು. ವೀಳ್ಯ ಬದಲಾಯಿಸಿದ್ದಾಗಿದೆ, ಧಾರೆ ಎರೆಯುವುದು ಬಾಕಿ ಇದೆ ಅಂದರು. ಎಲ್ಲರೂ ನಕ್ಕೆವು. ಆ ಧಾರೆ ಇವತ್ತಿಗೂ ಆಗಿಲ್ಲ.

ನನಗೆ ಒಬ್ಬನೇ ಅಣ್ಣ. ಭದ್ರಾವತಿಯಲ್ಲಿ ಒಂದು ಸಣ್ಣ ಫೌಂಡ್ರಿಯಲ್ಲಿ ಮೋಲ್ಡರ್ ಆಗಿದ್ದ. ಕರಗಿದ ಲೋಹ ಹುಯ್ಯಲು ಮರಳಿನಲ್ಲಿ ಅಚ್ಚು ಕಟ್ಟುವ ಕೆಲಸ. ಮರಳು ಹದವಾಗಿದೆಯೋ ಇಲ್ಲವೋ ತಿಳಿಯಲು ಅವನ ಹತ್ತಿರ ಯಾವ ಯಂತ್ರವೂ ಇರಲಿಲ್ಲ. ಒಂದು ಮುಷ್ಟಿ ಮರಳು ಹಿಡಿದು ಹಿಸುಕಿ ಕೈ ಬಿಡಿಸಿದರೆ ಬೆರಳಿನ ಗೆರೆಗಳು ಉಂಡೆಯ ಮೇಲೆ ಕಾಣಬೇಕು, ಮುರಿದರೆ ಸರಿಯಾಗಿ ಎರಡು ತುಂಡಾಗಬೇಕು. ನಮ್ಮ ಮನೆಗೆ ಬಂದಾಗ ಅಮ್ಮನ ಉಪ್ಪಿಟ್ಟನ್ನೂ ಹಾಗೆ ಹಿಸುಕಿ, ನೀರು ಕಮ್ಮಿಯಾಗಿದೆ, ಇದರಲ್ಲಿ ಪೈಪ್ ಹುಯ್ಯೋಕಾಗಲ್ಲ ಎಂದು ರೇಗಿಸುತ್ತಿದ್ದ. ನನ್ನನ್ನು ಪರದೇಶದ ಕಳ್ಳರ ವಕೀಲೆ ಎನ್ನುತ್ತಿದ್ದ. ಆದರೂ ನಾನು ಒಮ್ಮೆ ತೋರಿಸಿದ ಕಾಗದದ ಒಂದು ಕಾರ್ಬನ್ ಪ್ರತಿಯನ್ನು ಕೇಳಿ ತೆಗೆದುಕೊಂಡು ಹೋಗಿ ಫೌಂಡ್ರಿಯವರಿಗೆಲ್ಲ ತೋರಿಸಿದ್ದನೆಂದು ಅತ್ತಿಗೆ ಹೇಳಿದ್ದಳು.

ಸಹಿಯ ಜಿಲೇಬಿ ತಿಂದ ಮರುವರ್ಷದ ಬೇಸಿಗೆ. ಒಂದು ಶನಿವಾರ ಬೆಳಿಗ್ಗೆ ಕೆಳಗಿನ ಪಾತ್ರೆ ಅಂಗಡಿಗೆ ಅತ್ತಿಗೆಯ ಫೋನು ಬಂತು. ಫೌಂಡ್ರಿಯಲ್ಲಿ ಹಿತ್ತಾಳೆ ಗಟ್ಟಿಗಳು ಕಾಣೆಯಾಗಿವೆ, ಹಿಂದಿನ ಸಂಜೆ ಜೀಪಿನಲ್ಲಿ ಬಂದು ಅಣ್ಣನನ್ನು ಕರೆದುಕೊಂಡು ಹೋದ ಪೊಲೀಸರು ಇನ್ನೂ ಬಿಟ್ಟಿಲ್ಲ ಎಂದು. ನಾನು ಸಿಕ್ಕಿದ ಬಸ್ಸು ಹತ್ತಿ ಹೋದೆ. ಠಾಣೆಯ ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ರಿಜಿಸ್ಟರನ್ನು ತೆರೆಯದೆಯೇ, ಅಂಥವರನ್ನು ಯಾರನ್ನೂ ಕರೆತಂದಿಲ್ಲ ಎಂದ. ನಾನು ತಲೆ ತಗ್ಗಿಸಿದೆ. ತಗ್ಗಿಸಿದ ಕಣ್ಣಿಗೆ ಮೆಟ್ಟಿಲ ಪಕ್ಕದಲ್ಲಿ ಅಣ್ಣನ ಚಪ್ಪಲಿ ಕಂಡಿತು. ಕಿಡಿ ಬಿದ್ದು ಬಲಗಾಲಿನ ಹೆಬ್ಬೆರಳ ಹತ್ತಿರ ತೂತಾಗಿದ್ದ ಚಪ್ಪಲಿ. ಅದನ್ನು ನೋಡಿಯೂ ನಾನು ಬಾಯಿಬಿಡಲಿಲ್ಲ. ಆಯ್ತು ಸಾರ್ ಎಂದು ಬಸ್ ಸ್ಟ್ಯಾಂಡಿಗೆ ನಡೆದೆ.

ಮನೆಗೆ ಬಂದೊಡನೆ ಅಮ್ಮ ಬಾಗಿಲಿಗೆ ಚಿಲಕ ಹಾಕಿದಳು. ಯಾರಿಗೂ ಹೇಳಬೇಡ, ಮಾತು ಆಡಿದರೆ ಹೋಯಿತು ಅಂದಳು. ಸೋದರಮಾವನಿಗೆ ಗೊತ್ತಿದ್ದ ಒಬ್ಬ ದೊಡ್ಡ ಮನುಷ್ಯರು ಸೋಮವಾರ ಊರಿಗೆ ಬರುವವರಿದ್ದರು, ಅವರು ಒಂದು ಮಾತು ಹೇಳಿಸಿದರೆ ಬಿಡುತ್ತಾರೆ. ಅಲ್ಲಿಯವರೆಗೆ ಗುಲ್ಲೆಬ್ಬಿಸಿದರೆ ಇನ್ನೂ ಹೊಡೆಯುತ್ತಾರೆ ಎಂಬುದು ಅವಳ ಲೆಕ್ಕ. ಅವಳನ್ನು ದೂರಿ ನಾನು ಪಾರಾಗುವುದಿಲ್ಲ. ಹಿಡಿದವರನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು ಎಂಬುದು ಅಮ್ಮನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಭಾನುವಾರ ನಾನು ಇನ್‌ಸ್ಟಿಟ್ಯೂಟಿಗೆ ಹೋದೆ. ಹೋಗದಿದ್ದರೆ ಯಾಕೆ ಬರಲಿಲ್ಲವೆಂದು ಕೇಳುತ್ತಾರಲ್ಲ, ಕಳ್ಳನ ತಂಗಿ ಎಂದು ಗೊತ್ತಾಗುತ್ತದಲ್ಲ, ಅದಕ್ಕೆ. ಆ ವಾರದ ಕೈದಿ ಬಹುದೂರದ ಒಂದು ದೇಶದ ಶಾಲಾ ಮಾಸ್ತರ. ವಿಚಾರಣೆಯಿಲ್ಲದೆ ಹಿಡಿದಿಟ್ಟಿದ್ದಾರೆ, ಮನೆಯವರು ಹೋಗಿ ಕೇಳಿದರೆ ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನುತ್ತಾರೆ ಎಂದು ಮೇಷ್ಟ್ರು ಓದಿ ಹೇಳಿದರು. ನಾನು ಅದನ್ನೇ ಹನ್ನೆರಡು ಸಲ ಟೈಪ್ ಮಾಡಿದೆ. ಒಂದು ಅಕ್ಷರ ತಪ್ಪಲಿಲ್ಲ. ಯಾಕಮ್ಮ ಮುಖ ಬಾಡಿದೆ ಎಂದು ಮೇಷ್ಟ್ರು ಕೇಳಿದರೆ ತಲೆನೋವು ಅಂದೆ. ನಾಲಿಗೆಯ ತುದಿಗೆ ಬಂದಿತ್ತು. ಆಗ ನನ್ನ ನೆರವಿಗೆ ಬಂದದ್ದು ಆ ಮೂರನೆಯ ನಿಯಮ. ನಮ್ಮ ದೇಶದ ವಿಷಯ ಬರೆಯುವ ಹಾಗಿಲ್ಲವಲ್ಲ, ಹೇಳಿ ಏನು ಪ್ರಯೋಜನ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಡಿಗೆ ನಿಯಮದಂಥ ಆಸರೆ ಇನ್ನೊಂದಿಲ್ಲ.

ಸೋಮವಾರ ಮಧ್ಯಾಹ್ನ ಬಿಟ್ಟರು. ದೊಡ್ಡ ಮನುಷ್ಯರ ಮಾತಿನಿಂದಲ್ಲ, ಹಿತ್ತಾಳೆ ಗಟ್ಟಿಗಳು ಫೌಂಡ್ರಿಯ ಹಿಂದಿನ ಶೆಡ್ಡಿನಲ್ಲಿ ಗೋಣಿಚೀಲದ ಕೆಳಗೇ ಸಿಕ್ಕಿದ್ದರಿಂದ. ಕೇಸು ಬರೆದಿರಲಿಲ್ಲ. ಹಾಗಾಗಿ ಕಾಗದದ ಮೇಲೆ ಅವನನ್ನು ಹಿಡಿದೂ ಇರಲಿಲ್ಲ, ಬಿಟ್ಟೂ ಇರಲಿಲ್ಲ. ಎರಡು ಕೈಗಳನ್ನೂ ಹಿಂದಕ್ಕೆ ಕಟ್ಟಿ ತೊಲೆಗೆ ತೂಗುಹಾಕಿದ್ದರು. ಎಡಗೈ ನಿಧಾನಕ್ಕೆ ಸುಧಾರಿಸಿತು. ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು, ಬೆರಳು ಮಡಚಲು ಬರಲಿಲ್ಲ. ಶಿವಮೊಗ್ಗದ ಡಾಕ್ಟರು ಹೇಗಾಯಿತು ಎಂದು ಕೇಳಿದಾಗ ಅಮ್ಮ, ಕೆಲಸದ ಜಾಗದಲ್ಲಿ ಬಿದ್ದ ಅಂದಳು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಮರಳಿನ ಹದ ನೋಡಲಾಗದ ಮೋಲ್ಡರನ್ನು ಫೌಂಡ್ರಿಯವರು ಎರಡು ತಿಂಗಳು ಇಟ್ಟುಕೊಂಡು ಆಮೇಲೆ ಗೇಟು ಕಾಯಲು ಕೂರಿಸಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಪರದೇಶದ ಮಾಸ್ತರನನ್ನು ಬಿಡುಗಡೆ ಮಾಡಿದರೆಂದು ಸುದ್ದಿ ಬಂತು. ಮೇಷ್ಟ್ರು ಮತ್ತೆ ಜಿಲೇಬಿ ತಂದರು. ಅದನ್ನು ಕೈಯಲ್ಲಿ ಹಿಡಿದುಕೊಂಡು ನಾನು ಎಲ್ಲರ ಮುಂದೆ ಗೊಳೋ ಎಂದು ಅತ್ತೆ, ಎಲ್ಲವನ್ನೂ ಹೇಳಿದೆ. ಮೇಷ್ಟ್ರು ಜಿಲೇಬಿಯ ಪೊಟ್ಟಣವನ್ನು ಮುಚ್ಚಿದರು.

"ಆ ನಿಯಮ ಇದ್ದದ್ದು ಗುಂಪಿಗೆ ಕಣಮ್ಮ, ತಂಗಿಗಲ್ಲ" ಅಂದರು. "ಅವತ್ತೇ ಹೇಳಿದ್ದಿದ್ರೆ ಕಾಗದ ಪಕ್ಕಕ್ಕಿಟ್ಟು ಹನ್ನೆರಡು ಜನವೂ ಹೋಗಿ ಆ ಠಾಣೆ ಬಾಗಿಲಲ್ಲಿ ಕೂತ್ಕೋತಿದ್ವಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ತಡವಾದರೂ ಒಂದು ದೂರು ಕೊಡೋಣ, ಅಣ್ಣನನ್ನು ಕರೆಸು ಎಂದರು.

ಅಣ್ಣ ಮುಂದಿನ ಭಾನುವಾರ ಅತ್ತಿಗೆಯ ಜೊತೆ ಬಂದ. ಅವನು ಹೇಳುತ್ತಾ ಹೋದ, ನಾನು ಕನ್ನಡ ಮೆಷಿನ್ನಿನಲ್ಲಿ ಟೈಪ್ ಮಾಡುತ್ತಾ ಹೋದೆ. ತೊಲೆಯ ವಿಷಯ ಬಂದಾಗ ಅವನು ಫೌಂಡ್ರಿಯ ಯಾವುದೋ ಕೆಲಸ ವಿವರಿಸುವವನ ಹಾಗೆ ಹಗ್ಗ ಹೇಗೆ ಕಟ್ಟಿದರೆಂದು ಬಿಡಿಸಿ ಹೇಳಿದ. ಎಸ್ಸೆಸ್ಸೆಲ್ಸಿ ಪಾಸಾದವನು, ಸೊಗಸಾಗಿ ಸಹಿ ಹಾಕುತ್ತಿದ್ದವನು, ಕೊನೆಗೆ ನನ್ನ ಸ್ಟ್ಯಾಂಪ್ ಪ್ಯಾಡಿನಲ್ಲಿ ಎಡಗೈ ಹೆಬ್ಬೆಟ್ಟು ಅದ್ದಿದ. ನಮ್ಮ ದೂರಿಗೆ ಆಮೇಲೆ ಒಂದೇ ಸಾಲಿನ ಉತ್ತರ ಬಂತು: ಸದರಿ ದಿನಾಂಕಗಳಂದು ಸದರಿ ವ್ಯಕ್ತಿಯನ್ನು ಠಾಣೆಗೆ ಕರೆತಂದ ದಾಖಲೆ ಇಲ್ಲ.

ಆದರೆ ನಾನು ಹೇಳಬೇಕೆಂದಿರುವುದು ಆ ಉತ್ತರದ ಬಗ್ಗೆಯಲ್ಲ. ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳುತ್ತಾ ಅಣ್ಣ ಮೆಷಿನ್ನುಗಳ ಕಡೆ ನೋಡುತ್ತಾ ಕೂತಿದ್ದ. ಅತ್ತಿಗೆ ಮತ್ತು ಮೇಷ್ಟ್ರು ಹೊರಗೆ ಮೆಟ್ಟಿಲ ಹತ್ತಿರ ಮಾತಾಡುತ್ತಿದ್ದರು.

"ಅಲ್ಲಿ ಇದ್ದಾಗ ದಿನ ಲೆಕ್ಕ ಇಟ್ಕೊಂಡಿದ್ದೆ ಮಾರಾಯ್ತಿ" ಅಂದ. "ಇವತ್ತು ಭಾನುವಾರ, ಅವಳು ಮೆಷಿನ್ ಮುಂದೆ ಕೂತಿರ್ತಾಳೆ, ನನ್ನ ಹೆಸರಲ್ಲಿ ಬರೀತಿರ್ತಾಳೆ ಅಂತ. ಅದೊಂದೇ ಧೈರ್ಯ. ಸೋಮವಾರ ಬಿಟ್ಟೇಬಿಟ್ರಲ್ಲ."

ನಾನು ಕಾರ್ಬನ್ ಹಾಳೆ ಸರಿಮಾಡುತ್ತಿದ್ದೆ. ಇಲ್ಲ ಅಣ್ಣ, ನಾನು ಬರೆಯಲಿಲ್ಲ ಅನ್ನುವುದಕ್ಕೆ ಎಷ್ಟು ಉಸಿರು ಬೇಕು? ಹೂಂ ಅಂದೆ.

"ಎಲ್ಲದಕ್ಕೂ ಕಾಪಿ ಇಡ್ತೀಯಲ್ಲ ನೀನು. ಅದರದ್ದೊಂದು ಕೊಡು. ಇಟ್ಕೋತೀನಿ."

ಫೈಲಿನಲ್ಲಿ ಹುಡುಕಿಡುತ್ತೇನೆ, ಮುಂದಿನ ವಾರ ನಾನೇ ತರುತ್ತೇನೆ ಎಂದು ಕಳಿಸಿದೆ. ಎಲ್ಲರೂ ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಎರಡು ಹಾಳೆಗಳ ನಡುವೆ ಕಾರ್ಬನ್ ಇಟ್ಟು ಮೆಷಿನ್ನಿಗೆ ಏರಿಸಿದೆ. ಆ ಬೇಸಿಗೆಯ ಭಾನುವಾರದ ತಾರೀಖು ಹಾಕಿದೆ. ಮಾನ್ಯರೇ ಎಂದು ಬರೆದೆ. ನನ್ನ ಅಣ್ಣ ಶುಕ್ರವಾರ ಸಂಜೆಯಿಂದ ನಿಮ್ಮ ಠಾಣೆಯಲ್ಲಿದ್ದಾನೆ. ಕರೆತಂದಿಲ್ಲವೆಂದು ನಿಮ್ಮವರು ಹೇಳಿದರು. ಅವನ ಚಪ್ಪಲಿ ನಿಮ್ಮ ಮೆಟ್ಟಿಲ ಪಕ್ಕದಲ್ಲಿದೆ, ಬಲಗಾಲಿನದು ಹೆಬ್ಬೆರಳ ಹತ್ತಿರ ತೂತಾಗಿದೆ. ಅವನ ಕೈಗಳು ಮರಳಿನ ಹದ ನೋಡುವ ಕೈಗಳು. ದಯವಿಟ್ಟು ಹೊಡೆಯಬೇಡಿ. ನಾಳೆ ಬೆಳಿಗ್ಗೆ ಇನ್ನೂ ಹನ್ನೊಂದು ಜನರನ್ನು ಕರೆದುಕೊಂಡು ಬರುತ್ತೇನೆ. ಕೆಳಗೆ ಸಹಿ ಮಾಡಿದೆ. ಮೇಲಿನ ಹಾಳೆಯನ್ನು ಹರಿದುಹಾಕಿದೆ, ಅದನ್ನು ಕಳಿಸುವ ಕಾಲ ಮೀರಿಹೋಗಿತ್ತು.

ಪ್ರತಿಯನ್ನು ಭದ್ರಾವತಿಗೆ ಹೋಗಿ ಕೊಟ್ಟೆ. ಅಣ್ಣ ಜಗಲಿಯ ಮೇಲೆ ಕೂತು, ತೊಡೆಯ ಮೇಲೆ ಹಾಳೆ ಹರಡಿಕೊಂಡು ನಿಧಾನವಾಗಿ ಓದಿದ. ಚಪ್ಪಲಿಯ ಸಾಲಿಗೆ ಬಂದಾಗ ನಿಂತ.

"ನೀನು ಅಲ್ಲಿ ತನಕ ಬಂದಿದ್ದೆಯಾ?" ಎಂದು ಕೇಳಿದ. ಆಮೇಲೆ ಅತ್ತ. ಠಾಣೆಯಿಂದ ಬಂದ ದಿನವೂ ಅವನು ಅತ್ತಿರಲಿಲ್ಲ.

ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಅವನು ಏಳು ವರ್ಷ ಗೇಟು ಕಾದ. ಯಾರ ಮನೆಯವರನ್ನಾದರೂ ಠಾಣೆಗೆ ಕರೆದೊಯ್ದರೆ ಅದನ್ನು ತೋರಿಸಿ, ನನ್ನ ತಂಗಿ ಒಂದು ಕಾಗದ ಬರೆದಳು, ಮರುದಿನವೇ ಬಿಟ್ಟರು, ನೀವೂ ಹೋಗಿ ಬರೆಸಿ ಎಂದು ನನ್ನ ಹತ್ತಿರ ಕಳಿಸುತ್ತಿದ್ದ. ಅವರು ಬರುತ್ತಿದ್ದರು. ಭಾನುವಾರಕ್ಕೆ ಕಾಯದೆ ಆಗಲೇ ಬರೆದುಕೊಡುತ್ತಿದ್ದೆ, ಜೊತೆಗೆ ಠಾಣೆಗೂ ಹೋಗುತ್ತಿದ್ದೆ. ಎಷ್ಟೋ ಜನರನ್ನು ಬಿಟ್ಟರು, ಕೆಲವರನ್ನು ಬಿಡಲಿಲ್ಲ. ಮೇಷ್ಟ್ರು ತೀರಿಕೊಂಡ ಮೇಲೆ ಗುಂಪು ಕರಗಿತು, ಕಂಪ್ಯೂಟರ್ ಬಂದ ಮೇಲೆ ಮೆಷಿನ್ನುಗಳು ಗುಜರಿಗೆ ಹೋದವು.

ಅಣ್ಣ ಜ್ವರದಲ್ಲಿ ಹೋದ. ಹನ್ನೊಂದನೆಯ ದಿನ ಅತ್ತಿಗೆ ಆ ಕವರು ತಂದು, ಇದು ನಿನ್ನದು, ಅವರ ಪ್ರಾಣ ಉಳಿಸಿದ ಕಾಗದ ಎಂದು ನನ್ನ ಕೈಗೆ ಕೊಟ್ಟಳು. ಹಾಳೆ ಮಡಿಕೆಗಳಲ್ಲಿ ಸವೆದು ಅಕ್ಷರಗಳು ಮಸುಕಾಗಿದ್ದವು. ಅವಳಿಗೂ ನಾನು ಹೇಳಲಿಲ್ಲ, ಇಲ್ಲಿ ಮೊದಲ ಬಾರಿಗೆ ಹೇಳುತ್ತಿದ್ದೇನೆ. ಅದನ್ನು ಟೈಪ್ ಮಾಡಲು ನನಗೆ ಹತ್ತು ನಿಮಿಷವೂ ಹಿಡಿದಿರಲಿಲ್ಲ.